ಆಗಸ್ಟೆ ಕೆರ್ಕಾಫ್ಸ್

ಆಗಸ್ಟೆ ಕೆರ್ಕಾಫ್ಸ್ (ಜನವರಿ 19, 1835 – ಆಗಸ್ಟ್ 9, 1903) ನೆದರ್ಲೆಂಡ್ಸ್ ಮೂಲದ ಭಾಷಾವಿದ್ವಾಂಸರು ಹಾಗೂ ಗೂಢಲಿಪಿ ತಜ್ಞರು. ಗೂಢಲಿಪಿಯ ಭದ್ರತೆಯು ವಿಧಾನದ ಗೋಪ್ಯತೆಯನ್ನಲ್ಲ, ಕೀಲಿಯ ಗೋಪ್ಯತೆಯನ್ನು ಮಾತ್ರ ಅವಲಂಬಿಸಿರಬೇಕು ಎಂಬ ತತ್ತ್ವವು ಇವರ ಹೆಸರಿನಿಂದ ಪ್ರಸಿದ್ಧವಾಗಿದೆ.

ಜೀವನ

ಇವರು ನುತ್ ಎಂಬಲ್ಲಿ ಜನಿಸಿ, ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. ಮುಂದೆ ಪ್ಯಾರಿಸ್‌ನ ಉನ್ನತ ವಾಣಿಜ್ಯ ವಿದ್ಯಾಲಯದಲ್ಲಿ ಜರ್ಮನ್ ಭಾಷೆಯ ಪ್ರಾಧ್ಯಾಪಕರಾದರು. ವೊಲಾಪುಕ್ ಎಂಬ ಕೃತಕ ಭಾಷೆಯ ಅಕಾಡೆಮಿಯನ್ನು ಮುನ್ನಡೆಸಿದರು. ಆ ಭಾಷೆಯನ್ನು ಸರಳಗೊಳಿಸಬೇಕೆಂಬ ಇವರ ನಿಲುವನ್ನು ಅದರ ಕರ್ತೃ ಶ್ಲೇಯರ್ ಒಪ್ಪಲಿಲ್ಲ.

ಆರು ನಿಯಮಗಳು

ಸೈನಿಕ ಗೂಢಲಿಪಿಯನ್ನು ಕುರಿತ ಇವರ ಪ್ರಬಂಧವು 1883ರಲ್ಲಿ ಫ್ರಾನ್ಸಿನ ಸೈನಿಕ ವಿಜ್ಞಾನ ಪತ್ರಿಕೆಯಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಅದರಲ್ಲಿ ಗೂಢಲಿಪಿಗಳನ್ನು ಅಳೆಯಲು ಆರು ನಿಯಮಗಳಿವೆ:

1. ಕಾರ್ಯತಃ ಭೇದಿಸಲು ಅಸಾಧ್ಯವಾಗಿರಬೇಕು.
2. ವ್ಯವಸ್ಥೆಯು ಶತ್ರುವಿನ ಕೈಸೇರಿದರೂ ಹಾನಿಯಾಗಬಾರದು.
3. ಕೀಲಿಯನ್ನು ಬರೆದಿಡದೆ ನೆನಪಿಡಲು, ಬೇಕೆಂದಾಗ ಬದಲಿಸಲು ಸಾಧ್ಯವಿರಬೇಕು.
4. ತಂತಿ ಸಂದೇಶಗಳಿಗೆ ಹೊಂದಬೇಕು.
5. ಸಾಧನವನ್ನು ಒಬ್ಬನೇ ಒಯ್ದು ಬಳಸುವಂತಿರಬೇಕು.
6. ಬಳಕೆ ಸುಲಭವಾಗಿರಬೇಕು.

ಮೊದಲ ಮೂರು ಭದ್ರತೆಗೆ, ಉಳಿದವು ರಣರಂಗದ ಬಳಕೆಗೆ ಸಂಬಂಧಿಸಿವೆ. ಭದ್ರವಾದರೂ ಬಳಸಲಾಗದ ಗೂಢಲಿಪಿ ಸೈನ್ಯಕ್ಕೆ ನಿರುಪಯುಕ್ತ ಎಂಬುದು ಇದರ ತಾತ್ಪರ್ಯ.

ಪ್ರಭಾವ

ಸಂದೇಶವನ್ನು ಮರೆಮಾಡುವುದರೊಂದಿಗೆ ಅದು ತಿದ್ದಲ್ಪಟ್ಟಿಲ್ಲವೆಂದು ಖಚಿತಪಡಿಸುವ ದೃಢೀಕೃತ ಗೂಢಲಿಪೀಕರಣದ ಮೌಲ್ಯಮಾಪನವೂ ಇದೇ ಜಾಡಿನಲ್ಲಿದೆ. 2013ರಲ್ಲಿ ಘೋಷಿತವಾಗಿ 2019ರಲ್ಲಿ ಮುಗಿದ ಸೀಸರ್ ಸ್ಪರ್ಧೆಯಲ್ಲಿ ಎಲ್ಲ ವಿನ್ಯಾಸಗಳನ್ನೂ ಬಹಿರಂಗಪಡಿಸಿ, ಭೇದಿಸಲು ತಜ್ಞರಿಗೆ ಮುಕ್ತ ಅವಕಾಶ ನೀಡಲಾಯಿತು. ಜೊತೆಗೆ ಯಂತ್ರಾಂಶದಲ್ಲಿ ಅವುಗಳ ವೇಗವನ್ನೂ ಅವು ಚಿಪ್‌ನಲ್ಲಿ ಆಕ್ರಮಿಸುವ ಜಾಗವನ್ನೂ ಅಳೆಯಲಾಯಿತು. ಅಲ್ಲಿ ಆಯ್ಕೆಯಾದ ಆಸ್ಕಾನ್ ಅನ್ನು 2023ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಚಿಕ್ಕ ಸಾಧನಗಳಿಗಾಗಿ ಆರಿಸಿತು.