ಮರದ ಹುಲಿ ಹಿಡಿದು ಟಿಪ್ಪುವಿನ ಪಾಠ

ಬೋಧನಾಭ್ಯಾಸಕ್ಕೆಂದು ನನ್ನನ್ನು ಹಾಕಿದ್ದು ಕುಂದಲಹಳ್ಳಿಯ ಒಂದು ಪ್ರೌಢಶಾಲೆಗೆ. ಹತ್ತನೇ ತರಗತಿ, ಸಮಾಜ ವಿಜ್ಞಾನ, ಆಂಗ್ಲೋ-ಮೈಸೂರು ಯುದ್ಧಗಳು. ಮೊದಲ ಅವಧಿಯಲ್ಲಿ ನಾಲ್ಕು ಯುದ್ಧ, ಅವುಗಳ ಇಸವಿ, ಒಪ್ಪಂದಗಳ ಹೆಸರು ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಕೋಷ್ಟಕ ಮಾಡಿ ಬರೆದೆ. ಮಕ್ಕಳು ಸದ್ದಿಲ್ಲದೆ ಬರೆದುಕೊಂಡರು. ಕೊನೆಯ ಬೆಂಚಿನ ಒಬ್ಬ ಹುಡುಗ ಮಾತ್ರ ಬರೆಯಲಿಲ್ಲ. ಕಿಟಕಿಯಾಚೆ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಮೇಲೆ ಕ್ರೇನು ತಿರುಗುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ಅವನ ಅಪ್ಪ ರಾಯಚೂರಿನ ಕಡೆಯಿಂದ ಬಂದು ಅಂಥದೇ ಕಟ್ಟಡದಲ್ಲಿ ಕೆಲಸ ಮಾಡುವವರೆಂದು ಆಮೇಲೆ ತಿಳಿಯಿತು. ಆಗ ನನಗೆ ಸಿಟ್ಟು ಬಂದಿತ್ತು. ರಾತ್ರಿ ಪಾಠಯೋಜನೆ ಬರೆಯಲು ಕುಳಿತಾಗ ಅವನದೇನು ತಪ್ಪು ಅನಿಸಿತು. ಆ ಕೋಣೆಯಿಂದ ಕಾಣುವುದರಲ್ಲಿ ಚಲಿಸುತ್ತಿದ್ದುದು ಅದೊಂದೇ.

ಹಾಗಾಗಿ ಎರಡನೇ ಅವಧಿಗೆ ಟಿಪ್ಪುವಿನ ಹುಲಿಯನ್ನು ಒಯ್ದೆ. ಅಸಲು ಹುಲಿ ಇರುವುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ. ನಾನು ಅದನ್ನು ಚಿತ್ರದಲ್ಲಿ, ವಿಡಿಯೋದಲ್ಲಿ ಮಾತ್ರ ನೋಡಿದವಳು. ನಾನು ಒಯ್ದದ್ದು ಚಪ್ಪಲಿ ಡಬ್ಬಿ. ಮೇಲೆ ರಟ್ಟಿನ ಹುಲಿ, ಹುಲಿಯ ಅಡಿಯಲ್ಲಿ ರಟ್ಟಿನ ಸಿಪಾಯಿ. ಡಬ್ಬಿಯೊಳಗೆ ಬಗ್ಗಿಸಿದ ಛತ್ರಿ ಕಡ್ಡಿ. ಕಡ್ಡಿಯ ಹೊರತುದಿಯನ್ನು ತಿರುಗಿಸಿದರೆ ಸಿಪಾಯಿಯ ಒಂದು ಕೈ ಮೇಲಕ್ಕೂ ಕೆಳಕ್ಕೂ ಆಡಬೇಕು. ಮನೆಯಲ್ಲಿ ಆಡಿತ್ತು. ತರಗತಿಯಲ್ಲಿ ಸಿಕ್ಕಿಹಾಕಿಕೊಂಡಿತು. ಕೊನೆಯ ಬೆಂಚಿನ ಹುಡುಗ ಕರೆಯದೇ ಎದ್ದು ಬಂದು, ಕಡ್ಡಿಯ ಬಾಗು ಜಾಸ್ತಿಯಾಗಿದೆ ಎಂದು ತೋರಿಸಿ, ಹಲ್ಲಿನಿಂದ ಸರಿಮಾಡಿಕೊಟ್ಟ. ಅಲ್ಲಿಂದ ಪಾಠ ಶುರುವಾಯಿತು.

ಟಿಪ್ಪು ಹುಟ್ಟಿದ್ದು 1751ರಲ್ಲಿ, ದೇವನಹಳ್ಳಿಯಲ್ಲಿ. ನಮ್ಮ ಮಕ್ಕಳಿಗೆ ದೇವನಹಳ್ಳಿ ಎಂದರೆ ವಿಮಾನ ನಿಲ್ದಾಣ; ಕೋಟೆಯೊಂದು ಇದೆ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ತಂದೆ ಹೈದರಾಲಿ ಸಾಮಾನ್ಯ ಸೈನಿಕನಾಗಿ ಸೇರಿ ಮೈಸೂರು ರಾಜ್ಯವನ್ನೇ ಕೈಗೆ ತೆಗೆದುಕೊಂಡವನು, ಓದುಬರಹ ಬಾರದವನು. ಮಗನಿಗೆ ಮಾತ್ರ ಮೇಷ್ಟರನ್ನಿಟ್ಟು ಓದಿಸಿದ. ಹದಿನೈದರ ಆಸುಪಾಸಿನಲ್ಲೇ ಟಿಪ್ಪು ಮೊದಲ ಮೈಸೂರು ಯುದ್ಧದಲ್ಲಿ ತಂದೆಯ ಜೊತೆ ದಂಡಿನಲ್ಲಿದ್ದ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಕಂಪನಿಯ ಒಂದು ಪಡೆಯನ್ನು ತಂದೆ-ಮಗ ಸೇರಿ ಬಗ್ಗುಬಡಿದರು. ಆ ಯುದ್ಧದ ಚಿತ್ರ ಇವತ್ತಿಗೂ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲಿದೆ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಟಿಪ್ಪು ಮಲಬಾರಿನಲ್ಲಿ ಕಾದುತ್ತಿದ್ದ. ಬಂದು ಅಧಿಕಾರ ವಹಿಸಿಕೊಂಡು, 1784ರಲ್ಲಿ ಮಂಗಳೂರು ಒಪ್ಪಂದದೊಂದಿಗೆ ಆ ಯುದ್ಧ ಮುಗಿಸಿದ.

ಇಷ್ಟನ್ನು ನಾನು ಬೇಗ ಹೇಳಿ ಮುಗಿಸಿದೆ. ನನಗೆ ಹೇಳಬೇಕಾಗಿದ್ದುದು ಬೇರೆ. ಈ ಮನುಷ್ಯನಿಗೆ ಯಂತ್ರದ ಹುಚ್ಚಿತ್ತು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುವ ರಾಕೆಟ್ಟು ತಂದೆಯ ಕಾಲದ್ದೇ ಆದರೂ ಅದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದವನು ಇವನು. ರೇಷ್ಮೆ ಹುಳು ತರಿಸಿ ಸಾಕಿಸಿದ. ತೂಕ, ಅಳತೆ, ನಾಣ್ಯ, ಕೊನೆಗೆ ಪಂಚಾಂಗವನ್ನೂ ಬದಲಾಯಿಸಿದ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿಗೆ ಹೋಗಿ ಹದಿನಾರನೇ ಲೂಯಿಯನ್ನು ಕಂಡರು. ಕೇಳಲು ಹೋದದ್ದು ಸೈನ್ಯ. ಬರುವಾಗ ಜೊತೆಯಲ್ಲಿ ಬಂದವರಲ್ಲಿ ಬಂದೂಕು ಮಾಡುವವರು, ಗಾಜಿನ ಕೆಲಸದವರು, ಗಡಿಯಾರ ಮಾಡುವವರು ಇದ್ದರು. ಗಡಿಯಾರದವರನ್ನು ಮಕ್ಕಳು ನೆನಪಿಟ್ಟುಕೊಳ್ಳಲಿ ಎಂದು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ಇನ್ನೊಂದು ಹುಚ್ಚು ಹುಲಿಯದು. ಸೈನಿಕರ ಅಂಗಿಯ ಮೇಲೆ ಹುಲಿಪಟ್ಟೆ, ಕತ್ತಿಯ ಹಿಡಿಯಲ್ಲಿ ಹುಲಿ, ಫಿರಂಗಿಯ ಬಾಯಿಯಲ್ಲಿ ಹುಲಿ, ಸಿಂಹಾಸನದಡಿ ಚಿನ್ನದ ಹುಲಿತಲೆ. ತನಗೆ ಬಿದ್ದ ಕನಸುಗಳನ್ನು ಸ್ವಂತ ಕೈಬರಹದಲ್ಲಿ ಬರೆದಿಡುವ ಅಭ್ಯಾಸವೂ ಅವನಿಗಿತ್ತು. ಆ ಪುಸ್ತಕವೂ ಈಗ ಲಂಡನ್ನಿನಲ್ಲಿದೆ.

ಮೂರನೇ ಯುದ್ಧ ನಮ್ಮ ಶಾಲೆಯ ಹತ್ತಿರಕ್ಕೇ ಬರುತ್ತದೆ. 1791ರಲ್ಲಿ ಕಾರ್ನ್‌ವಾಲಿಸನ ದಂಡು ಕೋಲಾರ, ಹೊಸಕೋಟೆಗಳನ್ನು ಹಿಡಿದು ಬೆಂಗಳೂರಿನತ್ತ ಇಳಿಯಿತು. ಹೊಸಕೋಟೆ ಎಂದೊಡನೆ ತರಗತಿಯಲ್ಲಿ ಗುಜುಗುಜು ಎದ್ದಿತು. ನಾಲ್ಕೈದು ಮಕ್ಕಳ ನೆಂಟರು ಅಲ್ಲಿದ್ದಾರೆ. ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ಮರುವರ್ಷದ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿದ, ಅದು ತೀರುವವರೆಗೆ ತನ್ನ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಗಿ ಕಳಿಸಿದ. ಹಣದ ಮೊತ್ತಕ್ಕೆ ಮಕ್ಕಳು ಬಾಯಿ ತೆರೆಯಲಿಲ್ಲ. ಒತ್ತೆಯ ವಿಷಯಕ್ಕೆ ಮಾತ್ರ ಎಲ್ಲರೂ ನನ್ನ ಮುಖ ನೋಡಿದರು.

ಅದೇ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಬೇಟೆಗೆ ಹೋಗಿದ್ದ ಒಬ್ಬ ಯುವಕನನ್ನು ಹುಲಿ ಹೊತ್ತೊಯ್ದಿತು. ಅವನು ಜನರಲ್ ಹೆಕ್ಟರ್ ಮನ್ರೋನ ಮಗ. ಆ ಮನ್ರೋ ಹೈದರ್-ಟಿಪ್ಪು ವಿರುದ್ಧ ಕಾದಿದವನು. ಸುದ್ದಿ ಮೈಸೂರಿಗೂ ಮುಟ್ಟಿ, ಅದರಿಂದಲೇ ಮರದ ಹುಲಿಯ ಕಲ್ಪನೆ ಬಂದಿರಬಹುದು ಎಂಬುದು ಕೆಲವು ವಿದ್ವಾಂಸರ ಊಹೆ. ಮ್ಯೂಸಿಯಮ್ಮಿನವರು ಹುಲಿಗೆ ಕೊಡುವ ಕಾಲವೂ ಸುಮಾರು 1793. ಊಹೆ ಊಹೆಯೇ ಎಂದು ಮಕ್ಕಳಿಗೆ ಒತ್ತಿ ಹೇಳಿದೆ.

ಹುಲಿಯ ಉದ್ದ ಸುಮಾರು ಒಂದೂಮುಕ್ಕಾಲು ಮೀಟರ್, ಎತ್ತರ 71 ಸೆಂಟಿಮೀಟರ್. ಮರದಲ್ಲಿ ಕೆತ್ತಿ ಬಣ್ಣ ಬಳಿದದ್ದು. ಅಂಗಾತ ಬಿದ್ದ ಕೆಂಪು ಕೋಟಿನ ಐರೋಪ್ಯನ ಮೇಲೆ ಹುಲಿ ನಿಂತಿದೆ, ಬಾಯಿ ಅವನ ಕುತ್ತಿಗೆಯಲ್ಲಿದೆ. ಕೆತ್ತನೆ ಬೇಲೂರಿನದರಂತೆ ನಯವಾದದ್ದಲ್ಲ; ಕಣ್ಣು ದುಂಡಗೆ, ಮೈ ಸೆಟೆದುಕೊಂಡು, ದೊಡ್ಡ ಆಟಿಕೆಯ ಹಾಗಿದೆ. ಪಕ್ಕದಲ್ಲಿ ಒಂದು ಹಿಡಿ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಒಂದು ಗಾಳಿ ಮನುಷ್ಯನ ಗಂಟಲಿನ ಕೊಳವೆಗೆ ಹೋಗಿ ನರಳಿಕೆಯಾಗುತ್ತದೆ. ಅದೇ ಹೊತ್ತಿಗೆ ಅವನ ಎಡಗೈ ಏಳುತ್ತದೆ, ಇಳಿಯುತ್ತದೆ, ಕೈಯ ಚಲನೆಯ ಜೊತೆಗೇ ನರಳಿಕೆಯ ಶ್ರುತಿಯೂ ಏರಿಳಿಯುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆ ಎರಡು ಸ್ವರದಲ್ಲಿ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆಗೆದರೆ ದಂತದ 18 ಗುಂಡಿಗಳ ಪುಟ್ಟ ಆರ್ಗನ್ ವಾದ್ಯ. ಮೈ ನಮ್ಮ ಕೆತ್ತನೆಯವರ ಕೆಲಸ, ಒಳಗಿನ ಯಂತ್ರದಲ್ಲಿ ಐರೋಪ್ಯರ ಕೈ ಇರಬಹುದು ಎನ್ನುತ್ತಾರೆ. ಹಲಗೆಯ ಮೂಲೆಯ ಗಡಿಯಾರದವರನ್ನು ಮಕ್ಕಳು ಈಗ ತಾವೇ ತೋರಿಸಿದರು.

ಈಗ ಚಲಿಸುವ ಶಿಲ್ಪ ಎಂದರೆ ಆಧುನಿಕರ ಹೆಸರು ಹೇಳುತ್ತಾರೆ. 1913ರಲ್ಲಿ ಡುಶಾಂಪ್ ಸ್ಟೂಲಿನ ಮೇಲೆ ಸೈಕಲ್ ಚಕ್ರ ಕೂರಿಸಿದ. 1930ರ ದಶಕದಲ್ಲಿ ಅಮೆರಿಕದ ಕಾಲ್ಡರ್ ತಂತಿಗೆ ತಗಡು ತೂಗುಬಿಟ್ಟು ಗಾಳಿಗೆ ಆಡುವಂತೆ ಮಾಡಿದ. ಶ್ರೀರಂಗಪಟ್ಟಣದ ಹುಲಿ ಅವಕ್ಕಿಂತ ನೂರು ವರ್ಷಕ್ಕೂ ಹಳೆಯದು. ನನಗೆ ಅದರಲ್ಲಿ ಚೆಂದ ಕಂಡದ್ದು ಒಂದು ವಿಷಯ. ಹುಲಿ ಕದಲುವುದಿಲ್ಲ. ಬಾಲ ಆಡುವುದಿಲ್ಲ, ಪಂಜ ಏಳುವುದಿಲ್ಲ. ಇಡೀ ಶಿಲ್ಪದಲ್ಲಿ ಚಲಿಸುವುದು ಕೆಳಗೆ ಬಿದ್ದವನ ಒಂದು ಕೈ ಮಾತ್ರ. ಎಲ್ಲ ಕದಲಿದ್ದರೆ ಅದು ಜಾತ್ರೆಯ ಆಟಿಕೆ ಆಗಿಬಿಡುತ್ತಿತ್ತು. ನೋಡುವವರ ಕಣ್ಣು ಆ ಕೈಯ ಮೇಲೆಯೇ ನಿಲ್ಲುವಂತೆ ಮಾಡಿದವನು, ಅವನು ಯಾರೇ ಆಗಿರಲಿ, ಚಲನೆ ಎಂದರೇನೆಂದು ಬಲ್ಲವನು.

ನನ್ನ ಡಬ್ಬಿಯ ಹಿಡಿಯನ್ನು ಮಕ್ಕಳು ಸಾಲಾಗಿ ಬಂದು ತಿರುಗಿಸಿದರು. ನಗು, ಕಿರುಚಾಟ. ಒಬ್ಬ ಹುಲಿಯ ದನಿ ಹೊರಡಿಸಿದ, ಇನ್ನೊಬ್ಬ ಸಿಪಾಯಿಯಂತೆ ನರಳಿದ. ಸಾಯುವವನ ಕೈ ನೋಡಿ ಇಡೀ ತರಗತಿ ನಗುತ್ತಿದೆಯಲ್ಲ ಎಂದು ಒಂದು ಕ್ಷಣ ನನಗೇ ಮುಜುಗರವಾಯಿತು. ಪಾಠಯೋಜನೆಯಲ್ಲಿ ಇದಕ್ಕೆ ಅಂಕಣ ಇರಲಿಲ್ಲ. ಅಷ್ಟರಲ್ಲಿ ಒಬ್ಬಳು ಹುಡುಗಿ ಸಾಲಿನಿಂದ ಹಿಂದೆ ಸರಿದು ಹೋಗಿ ಕುಳಿತಳು. ಕೇಳಿದ್ದಕ್ಕೆ, ತಮ್ಮದು ಕೊಡಗು, ಅಜ್ಜಿ ಮನೆಯಲ್ಲಿ ಈ ಹೆಸರನ್ನೇ ಎತ್ತಬಾರದು ಅನ್ನುತ್ತಾರೆ ಎಂದಳು.

ತರಗತಿ ಸುಮ್ಮನಾಯಿತು. ನಾನು ಬೇರೆ ಮಾತಿಗೆ ಹಾರಬಹುದಿತ್ತು, ಅವಧಿ ಮುಗಿಯಲು ಹತ್ತೇ ನಿಮಿಷವಿತ್ತು. ಹಾರಲಿಲ್ಲ. ಟಿಪ್ಪುವಿನ ದಂಡು ಕೊಡಗಿನ ಮೇಲೆ ಮತ್ತೆ ಮತ್ತೆ ಏರಿಹೋಗಿ ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದನ್ನು ಹೇಳಿದೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಹಾಗೆಯೇ ನಡೆಸಿಕೊಂಡು ಹೋದದ್ದನ್ನು, ಮಲಬಾರಿನ ಬಲವಂತದ ಮತಾಂತರಗಳನ್ನು ಹೇಳಿದೆ. 1791ರಲ್ಲಿ ಮರಾಠರ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಇದೇ ಟಿಪ್ಪು ಸ್ವಾಮಿಗಳಿಗೆ ಕಾಗದ ಬರೆದು, ಪುನಃಪ್ರತಿಷ್ಠೆಗೆ ಹಣ, ಸಾಮಾನು ಕಳಿಸಿದ್ದನ್ನೂ ಹೇಳಿದೆ. ಆ ಕಾಗದಗಳು ಮಠದಲ್ಲಿ ಸಿಕ್ಕಿವೆ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದೆ, ಮಧ್ಯೆ ಗೆರೆ ಎಳೆಯಲಿಲ್ಲ. ಹಿಡಿ ತಿರುಗಿಸಲೇಬೇಕೆಂದಿಲ್ಲ ಎಂದು ಹುಡುಗಿಗೆ ಹೇಳಿದೆ. ಅವಳು ತಿರುಗಿಸಲಿಲ್ಲ. ಆದರೆ ಮುಂದೇನಾಯಿತು ಎಂದು ಮೊದಲು ಕೇಳಿದವಳು ಅವಳೇ.

ಮುಂದೆ 1799ರ ಮೇ 4. ಕಂಪನಿಯ ಪಡೆ ಮಧ್ಯಾಹ್ನದ ಬಿಸಿಲಲ್ಲಿ ಶ್ರೀರಂಗಪಟ್ಟಣದ ಒಡೆದ ಗೋಡೆಯೊಳಗೆ ನುಗ್ಗಿತು. ಟಿಪ್ಪು ಕೋಟೆಯ ಬಾಗಿಲಲ್ಲಿ ಕಾದಿ ಸತ್ತ. ಹೆಣಗಳ ರಾಶಿಯಲ್ಲಿ ಅವನನ್ನು ಗುರುತಿಸುವಷ್ಟರಲ್ಲಿ ಕತ್ತಲಾಗಿತ್ತು. ಸಿಂಹಾಸನವನ್ನು ತುಂಡುಮಾಡಿ ಹಂಚಿಕೊಂಡರು. ಅರಮನೆಯ ಸಂಗೀತದ ಕೋಣೆಯಲ್ಲಿ ಮರದ ಹುಲಿ ಸಿಕ್ಕಿತು, ಹಡಗೇರಿತು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿ ತಿರುಗಿಸುವವರೇ. ಪಕ್ಕದಲ್ಲಿ ಓದಲು ಕೂತವರಿಗೆ ಆ ಗುರುಗುಟ್ಟುವಿಕೆ, ನರಳಿಕೆ ದಿನವಿಡೀ ಕೇಳಿ ತಲೆ ಚಿಟ್ಟು ಹಿಡಿದಿತ್ತಂತೆ. ಕೊನೆಗೆ ಹಿಡಿಯೇ ಕಾಣೆಯಾಯಿತು, ಓದುವವರಿಗೆ ನೆಮ್ಮದಿಯಾಯಿತು. 1880ರಲ್ಲಿ ಹುಲಿ ಈಗಿನ ಮ್ಯೂಸಿಯಮ್ಮಿಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಮಾಡು ಕುಸಿದು ನೂರಾರು ಚೂರಾಯಿತು, ಮತ್ತೆ ಕೂಡಿಸಿದರು. ಈಗ ಅದು ಗಾಜಿನೊಳಗಿದೆ.

ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಬೋಧನೋಪಕರಣ ಚೆನ್ನಾಗಿದೆ, ಸಮಯ ನಿರ್ವಹಣೆ ಸಾಲದು, ಮೌಲ್ಯಮಾಪನ ಪ್ರಶ್ನೆಗಳು ಉಳಿದವು ಎಂದು ಬರೆದರು. ನಿಜ. ಐದು ಪ್ರಶ್ನೆಗಳಲ್ಲಿ ಎರಡನ್ನಷ್ಟೇ ಕೇಳಲಾಗಿತ್ತು. ಮಿಕ್ಕ ಮೂರನ್ನು ಮನೆಗೆಲಸವಾಗಿ ಕೊಟ್ಟು, ಡಬ್ಬಿಯನ್ನು ತರಗತಿಯ ಅಲಮಾರಿನ ಮೇಲೆ ಇಟ್ಟುಬಂದೆ.

ಎರಡು ದಿನ ಬಿಟ್ಟು ನೋಡಿದರೆ ಹುಲಿ, ಸಿಪಾಯಿ ಇದ್ದರು, ಛತ್ರಿ ಕಡ್ಡಿ ಇರಲಿಲ್ಲ. ಯಾರನ್ನೂ ಕೇಳಲಿಲ್ಲ. ಬಿಡುವಿನಲ್ಲಿ ಕೊನೆಯ ಬೆಂಚಿನ ಹುಡುಗ ತಾನೇ ಕರೆದು ತೋರಿಸಿದ. ಮೂರು ಸ್ಕೇಲು, ನೂಲಿನ ಉಂಡೆ, ನನ್ನ ಕಡ್ಡಿ. ಹಿಡಿ ತಿರುಗಿಸಿದ. ನೂಲು ಸುತ್ತಿಕೊಂಡಿತು, ಸೀಮೆಸುಣ್ಣದ ಡಬ್ಬಿ ನೆಲದಿಂದ ಬೆಂಚಿನ ಎತ್ತರಕ್ಕೆ ಏರಿತು. ಪಕ್ಕದಲ್ಲಿ ಕೂತಿದ್ದ ಕೊಡಗಿನ ಹುಡುಗಿ ಒಮ್ಮೆ ತನಗೂ ಕೊಡು ಎಂದು ಕೈಚಾಚಿದಳು.