ಕುಶಲಕರ್ಮಿಯ ಕೈಯಿಂದ ಕಲಿತ ಪಂಡಿತ: ಅರ್ನ್‌ಸ್ಟ್ ಆಬೆ

ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ ಐಸೆನಾಖ್ ಎಂಬುದೊಂದು ಊರು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಲ್ಲಿಯ ನೂಲಿನ ಗಿರಣಿಗೆ ಒಬ್ಬ ಬಾಲಕನು ಮಧ್ಯಾಹ್ನದ ಹೊತ್ತಿಗೆ ತಂದೆಯ ಬುತ್ತಿಯನ್ನು ಹೊತ್ತುಕೊಂಡು ಹೋಗುತ್ತಿದ್ದನು. ತಂದೆಗೆ ಕುಳಿತು ಉಣ್ಣುವಷ್ಟು ಬಿಡುವಿಲ್ಲ. ಯಂತ್ರಕ್ಕೆ ಒರಗಿ ನಿಂತಂತೆಯೇ ಆತನು ಅವಸರದಿಂದ ಉಂಡು, ಬರಿದಾದ ಪಾತ್ರೆಯನ್ನು ಮಗನ ಕೈಗಿತ್ತು, ಮರುಕ್ಷಣವೇ ಕೆಲಸಕ್ಕೆ ತಿರುಗುತ್ತಿದ್ದನು. ದಿನಕ್ಕೆ ಹದಿನಾಲ್ಕು ಗಂಟೆಗಳ ದುಡಿಮೆ. ಕೆಲಸ ಹೆಚ್ಚಾದಾಗ ಹದಿನಾರು ಗಂಟೆ. ಎತ್ತರದ ಆಳು, ಗಟ್ಟಿಮುಟ್ಟಾದ ಮೈಕಟ್ಟು. ಆದರೂ ನಲವತ್ತೆಂಟರ ಪ್ರಾಯಕ್ಕೇ ಆತನು ಮುದುಕನಂತಾದನು. ಗಿರಣಿಯ ಕೂಗನ್ನು ಕೇಳುತ್ತ ಬೆಳೆದ ಸೊಲ್ಲಾಪುರದ ಹಿರಿಯರಿಗೆ ಈ ಚಿತ್ರವು ಪರಕೀಯವೆನಿಸಲಾರದು. ಅಂದು ಬುತ್ತಿ ಹೊತ್ತ ಆ ಬಾಲಕನೇ ಮುಂದೆ ಜಗತ್ತಿನ ಸುಪ್ರಸಿದ್ಧ ಸೂಕ್ಷ್ಮದರ್ಶಕ ಕಾರ್ಖಾನೆಯ ಒಡೆಯನಾಗಿ, ಆ ಒಡೆತನವನ್ನು ತಾನೇ ಬಿಟ್ಟುಕೊಟ್ಟ ಅರ್ನ್‌ಸ್ಟ್ ಆಬೆ.

ಆಬೆಯು ೧೮೪೦ನೆಯ ಇಸವಿಯ ಜನವರಿ ೨೩ರಂದು ಜನಿಸಿದನು. ಹುಡುಗನ ಬುದ್ಧಿಯನ್ನು ಕಂಡ ಗಿರಣಿಯ ಮಾಲೀಕರು ಅವನ ವಿದ್ಯಾಭ್ಯಾಸಕ್ಕೆ ನೆರವು ನೀಡಿದರು. ಯೇನಾ ಮತ್ತು ಗಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ಗಣಿತ, ಭೌತವಿಜ್ಞಾನಗಳನ್ನು ಅಭ್ಯಸಿಸಿ, ೧೮೬೧ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ೧೮೬೩ರಲ್ಲಿ ಅವನು ಯೇನಾ ವಿಶ್ವವಿದ್ಯಾಲಯದಲ್ಲಿಯೇ ಉಪನ್ಯಾಸಕನಾದನು.

ಅದೇ ಊರಿನಲ್ಲಿ ಕಾರ್ಲ್ ಜೈಸ್ ಎಂಬ ಯಂತ್ರಕುಶಲಿಯು ೧೮೪೬ರಿಂದ ಒಂದು ಕಾರ್ಯಾಗಾರವನ್ನು ನಡೆಸುತ್ತಿದ್ದನು. ಅವನ ಸೂಕ್ಷ್ಮದರ್ಶಕಗಳಿಗೆ ಒಳ್ಳೆಯ ಹೆಸರಿತ್ತು. ಆದರೆ ಆ ಕಾಲದಲ್ಲಿ ಮಸೂರಗಳ ಜೋಡಣೆಗೆ ಶಾಸ್ತ್ರವಿರಲಿಲ್ಲ. ಕೆಲಸಗಾರನು ಒಂದು ಮಸೂರವನ್ನು ಉಜ್ಜುವನು, ಇನ್ನೊಂದರೊಡನೆ ಜೋಡಿಸಿ ನೋಡುವನು, ಬಿಂಬವು ಸ್ಪಷ್ಟವಾಗದಿದ್ದರೆ ಮತ್ತೊಂದನ್ನು ಉಜ್ಜುವನು. ಕೈಯ ಪಳಗಿಕೆ, ಕಣ್ಣಿನ ತೀಕ್ಷ್ಣತೆ, ತಾಳ್ಮೆ ಈ ಮೂರೇ ಅಲ್ಲಿಯ ಬಂಡವಾಳ. ಜೈಸನ ಮೊದಲ ಶಿಷ್ಯನಾಗಿ ೧೮೪೭ರಲ್ಲಿ ಸೇರಿದ ಔಗುಸ್ಟ್ ಲೋಬರನಂಥ ಕುಶಲಕರ್ಮಿಗಳು ಈ ವಿದ್ಯೆಯಲ್ಲಿ ನಿಷ್ಣಾತರಾಗಿದ್ದರು. ಉಜ್ಜಿದ ಮಸೂರದ ಮೇಲೆ ಅಳತೆಯ ಗಾಜೊಂದನ್ನಿಟ್ಟು, ನಡುವೆ ಮೂಡುವ ಬಣ್ಣದ ಉಂಗುರಗಳಿಂದ ಕೂದಲೆಳೆಗಿಂತ ಸೂಕ್ಷ್ಮವಾದ ತಪ್ಪನ್ನು ಗುರುತಿಸುವ ಕ್ರಮವನ್ನು ಆ ಕಾರ್ಯಾಗಾರದಲ್ಲಿ ಬೆಳೆಸಿದವನು ಲೋಬರನೇ. ಆದರೂ ಜೈಸನಿಗೆ ತೃಪ್ತಿಯಿರಲಿಲ್ಲ. ಮಸೂರವನ್ನು ಉಜ್ಜುವ ಮೊದಲೇ ಅದರ ಆಕಾರವನ್ನು ಲೆಕ್ಕದಿಂದ ನಿರ್ಧರಿಸಬೇಕೆಂಬುದು ಅವನ ಹಂಬಲ. ೧೮೬೬ರಲ್ಲಿ ಅವನು ಇಪ್ಪತ್ತಾರರ ತರುಣ ಆಬೆಯ ನೆರವನ್ನು ಬೇಡಿದನು.

ಆಬೆಯು ಲೆಕ್ಕ ಹಾಕಿದನು. ಕೆಲಸಗಾರರು ಅದರಂತೆ ಮಸೂರಗಳನ್ನು ಸಿದ್ಧಪಡಿಸಿದರು. ಫಲವು ನಿರಾಶಾದಾಯಕವಾಗಿತ್ತು. ಬೆಳಕಿನ ದೋಷಗಳನ್ನು ತಗ್ಗಿಸುವುದಕ್ಕಾಗಿ ಆಬೆಯು ಮಸೂರದೊಳಗೆ ಬರುವ ಕಿರಣಗಳ ಕೋನವನ್ನು ಕಿರಿದುಗೊಳಿಸಿದ್ದನು. ಗಣಿತದ ದೃಷ್ಟಿಯಿಂದ ಆ ಮಸೂರಗಳು ನಿರ್ದೋಷವಾಗಿದ್ದವು. ಆದರೆ ಕುಶಲಕರ್ಮಿಗಳು ಕೈಯಂದಾಜಿನಿಂದ ಮಾಡಿದ ಹಳೆಯ ಮಸೂರಗಳಲ್ಲಿ ಕಾಣುತ್ತಿದ್ದ ಸೂಕ್ಷ್ಮ ರೇಖೆಗಳು ಇವುಗಳಲ್ಲಿ ಕಾಣಲಿಲ್ಲ. ಇಂಥ ಪ್ರಸಂಗದಲ್ಲಿ ಪಂಡಿತನಾದವನು ಕೆಲಸಗಾರನ ಕೈಯನ್ನು ದೂರುವುದು ಲೋಕರೂಢಿ. ಆಬೆಯು ಹಾಗೆ ಮಾಡಲಿಲ್ಲ. ಓದದ ಕೈಗೆ ಸಾಧ್ಯವಾದುದು ಓದಿದ ತಲೆಗೆ ಏಕೆ ಸಾಧ್ಯವಾಗಲಿಲ್ಲವೆಂಬುದನ್ನೇ ಅವನು ಪ್ರಶ್ನೆಯನ್ನಾಗಿ ಎತ್ತಿಕೊಂಡನು. ವಸ್ತುವಿನ ಸೂಕ್ಷ್ಮ ವಿನ್ಯಾಸವು ಬೆಳಕನ್ನು ಅಗಲವಾಗಿ ಚದುರಿಸುತ್ತದೆ. ಚದುರಿದ ಆ ಕಿರಣಗಳನ್ನು ಮಸೂರವು ಒಳಗೊಳ್ಳದಿದ್ದರೆ ವಿನ್ಯಾಸವು ಬಿಂಬದಲ್ಲಿ ಮೂಡುವುದೇ ಇಲ್ಲ. ಕುಶಲಕರ್ಮಿಗಳ ಮಸೂರಗಳು ಅಗಲ ಕೋನದವಾಗಿದ್ದುದರಿಂದಲೇ ಗೆದ್ದಿದ್ದವು. ೧೮೭೩ರಲ್ಲಿ ಆಬೆಯು ಪ್ರಕಟಿಸಿದ ಸೂಕ್ಷ್ಮದರ್ಶಕ ಸಿದ್ಧಾಂತದ ತಿರುಳು ಇದು. ಅಷ್ಟರಲ್ಲಿ, ೧೮೭೨ರಿಂದಲೇ, ಜೈಸನ ಸೂಕ್ಷ್ಮದರ್ಶಕಗಳ ಮಸೂರಗಳೆಲ್ಲ ಆಬೆಯ ಲೆಕ್ಕದಂತೆ ತಯಾರಾಗತೊಡಗಿದ್ದವು.

ಈ ಪಾಠವನ್ನು ಆಬೆಯು ಜೀವಮಾನದಲ್ಲಿ ಮರೆಯಲಿಲ್ಲ. ಒಳ್ಳೆಯ ವಿಚಾರವು ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಬಾಗಿಲು ತೆರೆದಿಡಬೇಕೆಂಬುದು ಅವನ ಧರ್ಮವಾಯಿತು. ಲಂಡನ್ನಿನ ಸೂಕ್ಷ್ಮದರ್ಶಕಪ್ರಿಯ ಜಾನ್ ವೇರ್ ಸ್ಟೀಫನ್‌ಸನ್ ಎಂಬವನು, ಮಸೂರಕ್ಕೂ ಕೆಳಗಿನ ಗಾಜಿಗೂ ನಡುವೆ ಗಾಜಿನ ಗುಣವನ್ನೇ ಹೋಲುವ ದ್ರವವನ್ನಿರಿಸಿದರೆ ಲಾಭವಾಗಬಹುದೆಂದು ಸೂಚಿಸಿದನು. ಯೇನಾದಲ್ಲಿ ಹಲವಾರು ತೈಲಗಳ ಪರೀಕ್ಷೆ ನಡೆದು ಸೀಡರ್ ಮರದ ಎಣ್ಣೆಯು ಒಪ್ಪಿಗೆಯಾಯಿತು. ಸೂಚನೆಯು ಸ್ಟೀಫನ್‌ಸನ್ನನದೆಂದು ಆಬೆಯು ಬಹಿರಂಗವಾಗಿ ಹೇಳಿದನು. ರಾಬರ್ಟ್ ಕಾಕ್ ಮಹಾಶಯನು ರೋಗಾಣುಗಳನ್ನು ಕಾಣಲು ನೆರವಾದವು ಈ ತೈಲಮಸೂರ ಹಾಗೂ ಬೆಳಕನ್ನು ಒಟ್ಟುಗೂಡಿಸಿ ಕೊಡುವ ಆಬೆಯ ಸಾಧನ. ೧೮೮೨ರಲ್ಲಿ ಕಾಕ್‌ನು ಕ್ಷಯರೋಗದ ಕ್ರಿಮಿಯನ್ನು ಲೋಕಕ್ಕೆ ತೋರಿಸಿಕೊಟ್ಟನು.

೧೮೭೯ರಲ್ಲಿ ಔಟ್ಟೊ ಷಾಟ್ ಎಂಬ ಅಪರಿಚಿತ ತರುಣ ರಸಾಯನಜ್ಞನು, ತಾನು ಹೊಸದಾಗಿ ಕರಗಿಸಿದ ಗಾಜಿನ ಮಾದರಿಯ ವಿಷಯವಾಗಿ ಆಬೆಗೆ ಪತ್ರ ಬರೆದನು. ಆ ಮಾದರಿಯು ಮಸೂರಕ್ಕೆ ಒದಗಲಿಲ್ಲ. ಆದರೂ ಆಬೆಯು ಅದನ್ನು ಶ್ರದ್ಧೆಯಿಂದ ಅಳೆದು ನೋಡಿ ಉತ್ತರವಿತ್ತು ಹುರಿದುಂಬಿಸಿದನು. ಷಾಟನು ೧೮೮೨ರಲ್ಲಿ ಯೇನಾಕ್ಕೆ ಬಂದು ನೆಲಸಿದನು. ೧೮೮೪ರಲ್ಲಿ ಗಾಜಿನ ಕಾರ್ಖಾನೆಯು ಪ್ರಾರಂಭವಾಯಿತು. ಅಲ್ಲಿಯ ಹೊಸ ಗಾಜುಗಳ ಬಲದಿಂದ, ಬಣ್ಣದ ಅಂಚಿಲ್ಲದ ಬಿಂಬವನ್ನು ಕೊಡುವ ಮಸೂರಗಳು ೧೮೮೬ರಲ್ಲಿ ಹೊರಬಂದವು.

ತಾನು ಪಡೆದಂತೆಯೇ ಆಬೆಯು ಕೊಟ್ಟನು. ದ್ರವದಲ್ಲಿ ಬೆಳಕು ಎಷ್ಟು ಬಾಗುತ್ತದೆಂಬುದನ್ನು ಅಳೆಯುವ ಯಂತ್ರವನ್ನು ರಚಿಸಿ, ೧೮೭೪ರಲ್ಲಿ ಅದರ ವಿವರಗಳನ್ನು ಅಚ್ಚು ಹಾಕಿಸಿದನು. ದ್ರಾವಣದಲ್ಲಿರುವ ಸಕ್ಕರೆಯ ಪ್ರಮಾಣವನ್ನು ತಿಳಿಯಲು ಇಂದಿಗೂ ಬಳಸುವ ಆ ಬಗೆಯ ಉಪಕರಣವು ಅವನ ಹೆಸರನ್ನೇ ಹೊತ್ತಿದೆ. ವಿಜ್ಞಾನದ ಸಾಧನವಾದ ಸೂಕ್ಷ್ಮದರ್ಶಕದ ಸುಧಾರಣೆಗಳಿಗೆ ಏಕಸ್ವಾಮ್ಯದ ಹಕ್ಕುಪತ್ರಗಳನ್ನು ಪಡೆಯಲು ಅವನು ಒಡಂಬಡಲಿಲ್ಲ. ಮುಂದೆ ೧೮೯೦ರ ಸುಮಾರಿಗೆ ಛಾಯಾಚಿತ್ರದ ಮಸೂರಗಳ ತಯಾರಿಕೆ ಆರಂಭವಾದಾಗ ಮಾತ್ರ, ಅವು ಸಾಮಾನ್ಯ ಮಾರುಕಟ್ಟೆಯ ಸರಕಾದುದರಿಂದ, ಕಾರ್ಖಾನೆಯು ಹಕ್ಕುಪತ್ರಗಳನ್ನು ಪಡೆಯಿತು. ಉದಾರಿಯಾದರೂ ಅವನು ವ್ಯವಹಾರವನ್ನರಿಯದವನಲ್ಲ.

೧೮೭೬ರಲ್ಲಿ ಜೈಸನು ಆಬೆಯನ್ನು ಪಾಲುದಾರನನ್ನಾಗಿ ಮಾಡಿಕೊಂಡಿದ್ದನು. ೧೮೮೮ರಲ್ಲಿ ಜೈಸನು ಕಾಲವಾದ ಮೇಲೆ ಆಬೆಯ ಮನಸ್ಸಿನಲ್ಲಿ ಬಹುಕಾಲದಿಂದ ಬೆಳೆಯುತ್ತಿದ್ದ ಪ್ರಶ್ನೆಯೊಂದು ಬಲವಾಯಿತು. ಈ ಸಂಪತ್ತು ಯಾರದು? ವಿಶ್ವವಿದ್ಯಾಲಯದ ವಿದ್ಯೆ, ಹಲವು ತಲೆಗಳ ಯೋಚನೆ, ನೂರಾರು ಕೈಗಳ ಪರಿಣತಿ ಇವೆಲ್ಲ ಕೂಡಿ ಗಳಿಸಿದುದನ್ನು ಒಬ್ಬನು ತನ್ನದೆಂದು ಕಟ್ಟಿಕೊಳ್ಳುವುದು ನ್ಯಾಯವೆಂದು ಅವನಿಗೆ ತೋರಲಿಲ್ಲ. ೧೮೮೯ರಲ್ಲಿ ಅವನು ತನ್ನ ಹೆಸರನ್ನಿಡದೆ ಕಾರ್ಲ್ ಜೈಸನ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ೧೮೯೧ರಲ್ಲಿ ಕಾರ್ಖಾನೆಯಲ್ಲಿದ್ದ ತನ್ನ ಪಾಲನ್ನು ಅದಕ್ಕೆ ಒಪ್ಪಿಸಿಬಿಟ್ಟನು. ಅಂದಿನಿಂದ ಅವನು ಆ ಸಂಸ್ಥೆಯ ಸಂಬಳದ ನಿರ್ವಾಹಕ ಮಾತ್ರ.

ದಾನಕ್ಕಿಂತ ದೊಡ್ಡದು ಅವನು ೧೮೯೬ರಲ್ಲಿ ಬರೆದಿಟ್ಟ ನಿಯಮಾವಳಿ. ನೌಕರನನ್ನು ನೇಮಿಸುವಾಗ ಕುಲ, ಮತ, ರಾಜಕೀಯ ಪಕ್ಷಗಳನ್ನು ಎಣಿಸಕೂಡದು. ಕೆಲಸಗಾರರು ತಾವೇ ಆರಿಸಿದ ಸಮಿತಿಗೆ ತಮ್ಮ ವಿಷಯಗಳಲ್ಲಿ ಮಾತನಾಡುವ ಅಧಿಕಾರವಿರಬೇಕು. ಸಂಬಳಸಹಿತ ರಜೆ, ನಿವೃತ್ತಿವೇತನ, ಲಾಭದಲ್ಲಿ ಪಾಲು ಇವು ಹಕ್ಕುಗಳೇ ಹೊರತು ಕೃಪೆಯಲ್ಲ. ನಿರ್ವಾಹಕನ ಸಂಬಳವು ಅನುಭವಿಯಾದ ಕೆಲಸಗಾರನ ಸರಾಸರಿ ಗಳಿಕೆಯ ಹತ್ತು ಪಟ್ಟನ್ನು ಮೀರಕೂಡದು. ನೌಕರನೊಬ್ಬನ ಹೊಸ ಶೋಧದಿಂದ ಸಂಸ್ಥೆಗೆ ಪ್ರಯೋಜನವಾದರೆ ಅವನಿಗೆ ತಕ್ಕ ಪ್ರತಿಫಲವು ಸಲ್ಲಬೇಕು. ಕೆಲಸಗಾರನ ಬುದ್ಧಿಯನ್ನು ಒಡೆಯನು ಕೂಲಿಯೊಡನೆ ಕೊಂಡಿದ್ದಾನೆಂದು ಲೋಕವೆಲ್ಲ ಭಾವಿಸಿದ್ದ ಕಾಲದಲ್ಲಿ, ಕೂಲಿ ಬೇರೆ, ಬುದ್ಧಿ ಬೇರೆ ಎಂಬ ವಿವೇಕವನ್ನು ಆಬೆಯು ಶಾಸನವಾಗಿಸಿದನು.

ಇಂಥ ಆಶ್ರಯದಲ್ಲಿ ಪ್ರತಿಭೆಗಳು ಚಿಗುರಿದುದು ಸಹಜ. ಪೌಲ್ ರುಡಾಲ್ಫನ ಛಾಯಾಚಿತ್ರ ಮಸೂರಗಳು, ಅವುಗಳಲ್ಲಿಯೂ ೧೯೦೨ರ ಟೆಸ್ಸಾರ್ ಮಸೂರ, ಜಗತ್ಪ್ರಸಿದ್ಧವಾದವು. ಕಾರ್ಲ್ ಪುಲ್‌ಫ್ರಿಕ್‌ನು ಅಳತೆಯ ಉಪಕರಣಗಳ ಹೊಸ ಶಾಖೆಯನ್ನು ಬೆಳೆಸಿದನು. ಸೂಕ್ಷ್ಮದರ್ಶಕದ ಕೆಳಗೆ ಬೆಳಕು ಸಮನಾಗಿ ಹರಡುವಂತೆ ಮಾಡುವ ವಿಧಾನವನ್ನು ೧೮೯೩ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಪ್ರಕಟಿಸಿದ್ದ ಔಗುಸ್ಟ್ ಕೋಲರನನ್ನು ೧೯೦೦ರಲ್ಲಿ ಯೇನಾವು ಕರೆಸಿಕೊಂಡಿತು.

ಬುತ್ತಿ ಹೊತ್ತ ಬಾಲಕನು ತಂದೆಯ ಬಾಗಿದ ಬೆನ್ನನ್ನು ಮರೆತಿರಲಿಲ್ಲ. ದಣಿದ ದೇಹದಲ್ಲಿ ಯೋಚನೆ ಹುಟ್ಟಲಾರದೆಂದು ಅವನು ಬಲ್ಲವನು. ಒಂಬತ್ತು ಗಂಟೆಯ ಕೆಲಸವನ್ನು ಎಂಟು ಗಂಟೆಗಳಲ್ಲಿ ಮಾಡಬಹುದೇ ಎಂದು ಕೆಲಸಗಾರರ ಮತವನ್ನು ಕೇಳಿ, ೧೯೦೦ರ ಏಪ್ರಿಲಿನಿಂದ ಎಂಟು ಗಂಟೆಯ ದಿನವನ್ನು ಜಾರಿಗೆ ತಂದನು. ವರ್ಷಾಂತ್ಯದಲ್ಲಿ ಲೆಕ್ಕ ಮಾಡಿದಾಗ ಉತ್ಪತ್ತಿಯು ಕುಂದಿರಲಿಲ್ಲ. ತುಸು ಹೆಚ್ಚೇ ಆಗಿತ್ತು. ಊರಿನ ಜನರೆಲ್ಲರಿಗಾಗಿ ಎಲ್ಲ ಪಕ್ಷಗಳ ಪತ್ರಿಕೆಗಳೂ ದೊರೆಯುವ ವಾಚನಾಲಯವೊಂದು ಅವನ ಬೆಂಬಲದಿಂದ ನಡೆಯುತ್ತಿತ್ತು. ೧೯೦೩ರಲ್ಲಿ ಪ್ರತಿಷ್ಠಾನವು ಕಟ್ಟಿಸಿದ ಜನಭವನದಲ್ಲಿ ಗ್ರಂಥಾಲಯಕ್ಕೂ ಸಭೆಗಳಿಗೂ ಸ್ಥಳ ದೊರೆಯಿತು.

ಇತರರ ದುಡಿಮೆಯ ಗಂಟೆಗಳನ್ನು ಕಡಮೆ ಮಾಡಿದವನು ತನ್ನ ದುಡಿಮೆಗೆ ಮಾತ್ರ ಮಿತಿಯನ್ನಿಡಲಿಲ್ಲ. ಅನಾರೋಗ್ಯದಿಂದ ೧೯೦೩ರಲ್ಲಿ ನಿರ್ವಹಣೆಯಿಂದ ನಿವೃತ್ತನಾಗಿ, ೧೯೦೫ರ ಜನವರಿ ೧೪ರಂದು ಆಬೆಯು ಯೇನಾದಲ್ಲಿ ದಿವಂಗತನಾದನು. ಎರಡನೆಯ ಮಹಾಯುದ್ಧದ ಬಳಿಕ ಜರ್ಮನಿಯೊಡನೆ ಅವನ ಕಾರ್ಖಾನೆಯೂ ಇಬ್ಭಾಗವಾಯಿತು. ೧೯೯೦ರಲ್ಲಿ ದೇಶವು ಒಂದಾದ ಮೇಲೆ ಅದೂ ಒಂದುಗೂಡಿತು. ಅವನು ಕಟ್ಟಿದ ಪ್ರತಿಷ್ಠಾನವು ಇಂದಿಗೂ ಉಳಿದಿದೆ.

ನಮ್ಮ ಮಕ್ಕಳು ಶಾಲೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಈರುಳ್ಳಿಯ ಸಿಪ್ಪೆಯ ಕೋಶಗಳನ್ನು ಕಂಡು ಬೆರಗಾಗುವಾಗ, ಆ ಗಾಜಿನ ಹಿಂದಿರುವ ಪಂಡಿತನ ಲೆಕ್ಕವನ್ನೂ ಹೆಸರುಳಿಯದ ಕುಶಲಕರ್ಮಿಗಳ ಕೈಯನ್ನೂ ಒಟ್ಟಿಗೆ ನೆನೆಯಲಿ. ಅಂಗಡಿಯನ್ನಾಗಲಿ ಮಗ್ಗವನ್ನಾಗಲಿ ಸಂಘವನ್ನಾಗಲಿ ನಡೆಸುವ ಹಿರಿಯರು, ತಮ್ಮಲ್ಲಿ ಕೊನೆಯ ಸಾಲಿನಲ್ಲಿ ನಿಂತವನಿಗೆ ಹೇಳಬೇಕಾದುದೇನಾದರೂ ಇದೆಯೇ ಎಂದು ಒಮ್ಮೆ ಕೇಳಿ ನೋಡಲಿ. ಆಬೆಯು ಕೇಳಿದನು, ಅವನ ಮೊದಲ ಸೋಲು ಗೆಲುವಾದುದು ಅದರಿಂದಲೇ.