ನೋವಿಲ್ಲದ ಗುಳ್ಳೆಗಳು: ಜೆ.ಎಸ್. ಹಾಲ್ಡೇನ್ ಅವರ ಬದುಕಿನಿಂದ ನಾನು ಕಲಿತ ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮಲೆಬೆನ್ನೂರಿನ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಗೆ ಶಬ್ದದ ಪಾಠ ಮಾಡುತ್ತಾ, ಸಮುದ್ರದಲ್ಲಿ ಮುಳುಗಿ ಎದ್ದವರ ರಕ್ತದಲ್ಲಿನ ಗುಳ್ಳೆಗಳನ್ನು ಶ್ರವಣಾತೀತ ಶಬ್ದದಿಂದ ಪತ್ತೆ ಮಾಡುತ್ತಾರೆ ಎಂದು ಹೇಳಿದೆ. ಭದ್ರಾ ನಾಲೆಯಲ್ಲಿ ಈಜಿ ಬೆಳೆದ ಹುಡುಗನೊಬ್ಬ ತನ್ನ ರಕ್ತದಲ್ಲೂ ಗುಳ್ಳೆ ಇರುತ್ತವೆಯೇ ಎಂದು ಕೇಳಿದ. ನೋವಿಲ್ಲದಿದ್ದರೆ ಗುಳ್ಳೆಯೂ ಇಲ್ಲ ಎಂದು ಉತ್ತರಿಸಿ ಮುಂದೆ ಹೋದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಆ ಉತ್ತರದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಹಾಲ್ಡೇನ್ ಅವರ ಬದುಕು.

ಜಾನ್ ಸ್ಕಾಟ್ ಹಾಲ್ಡೇನ್ ಹುಟ್ಟಿದ್ದು 1860ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. 1884ರಲ್ಲಿ ಅಲ್ಲಿಯೇ ವೈದ್ಯ ಪದವಿ ಪಡೆದು, ಮುಂದೆ ಆಕ್ಸ್‌ಫರ್ಡ್‌ನಲ್ಲಿ ನೆಲೆಸಿದರು. ಉಸಿರಾಟವೇ ಅವರ ಜೀವನದ ಪ್ರಶ್ನೆ. ವಿಷಾನಿಲಗಳನ್ನು ತಾವೇ ಉಸಿರಾಡಿ ಪರೀಕ್ಷಿಸುತ್ತಿದ್ದರು. ಕಲ್ಲಿದ್ದಲ ಗಣಿಯ ಸ್ಫೋಟಗಳಲ್ಲಿ ಬಹುಪಾಲು ಕಾರ್ಮಿಕರು ಸಾಯುವುದು ಕಾರ್ಬನ್ ಮೊನಾಕ್ಸೈಡಿನಿಂದ ಎಂದು 1896ರಲ್ಲಿ ತೋರಿಸಿದರು.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಉಸಿರಾಡುವ ಗಾಳಿಯ ನೈಟ್ರೋಜನ್ ಅಂಗಾಂಶಗಳಲ್ಲಿ ಕರಗುತ್ತದೆ. ಮುಳುಗುಗಾರ ಸರ್ರನೆ ಮೇಲೆ ಬಂದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಂತೆ ಅದು ಗುಳ್ಳೆಗಟ್ಟುತ್ತದೆ. ಬ್ರಿಟಿಷ್ ನೌಕಾಪಡೆಗಾಗಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡ ಹಾಲ್ಡೇನ್, ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ನೋಡಿದರು. ನೋವಾದ ಮೇಕೆ ಮುಂಗಾಲನ್ನು ಎತ್ತಿ ಹಿಡಿಯುತ್ತಿತ್ತು. ಎರಡು ವಾಯುಮಂಡಲದಿಂದ ಒಂದಕ್ಕೆ ಬೇಗ ಇಳಿಸಿದರೂ ಅವಕ್ಕೆ ತೊಂದರೆ ಕಾಣಲಿಲ್ಲ. ಹಾಗಾಗಿ ಹಂತ ಹಂತವಾಗಿ, ನಡುನಡುವೆ ನಿಂತು ಮೇಲೇರಬೇಕು ಎಂದರು. 1906ರಲ್ಲಿ ಸ್ಕಾಟ್ಲೆಂಡಿನ ಕಡಲಿನಲ್ಲಿ ಪರೀಕ್ಷೆ ನಡೆಯಿತು. 1908ರಲ್ಲಿ ಬಾಯ್ಕಾಟ್ ಮತ್ತು ಡಾಮಂಟ್ ಜೊತೆ ಅವರು ಪ್ರಕಟಿಸಿದ ಕೋಷ್ಟಕಗಳು ಎಷ್ಟೋ ಮುಳುಗುಗಾರರ ಜೀವ ಉಳಿಸಿದವು.

ಹಾಲ್ಡೇನ್ 1936ರಲ್ಲಿ ತೀರಿಕೊಂಡರು. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ತಂದೆ ಹಾಲ್ಡೇನರ ಅಳತೆಗೋಲು ಕಣ್ಣಿಗೆ ಕಾಣುವ ನೋವು. ನೋವು ಕೊಡದ ಗುಳ್ಳೆಗಳನ್ನು ಬದುಕಿರುವವರ ದೇಹದಲ್ಲಿ ಹಿಡಿಯುವ ಉಪಕರಣ ಆಗ ಇರಲಿಲ್ಲ. ಅದು ಬಂದದ್ದು 1960ರ ದಶಕದ ಕೊನೆಗೆ. ಎದೆಯ ಮೇಲಿಟ್ಟ ಡಾಪ್ಲರ್ ಶೋಧಕ ಕಳಿಸುವ ಶ್ರವಣಾತೀತ ತರಂಗಗಳು ಹರಿಯುವ ರಕ್ತಕ್ಕೆ ಬಡಿದು ಆವೃತ್ತಿ ಬದಲಿಸಿಕೊಂಡು ಮರಳುತ್ತವೆ. ಗುಳ್ಳೆಗಳು ಅವನ್ನು ರಕ್ತಕ್ಕಿಂತ ಎಷ್ಟೋ ಜೋರಾಗಿ ಪ್ರತಿಫಲಿಸುವುದರಿಂದ ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ. ಅಮೆರಿಕದ ಮೆರಿಲ್ ಸ್ಪೆನ್ಸರ್ ಆ ಸದ್ದಿಗೆ 0ಯಿಂದ 4ರವರೆಗೆ ದರ್ಜೆ ಕೊಟ್ಟರು. ಯಾವ ನೋವೂ ಇಲ್ಲದ ಮುಳುಗುಗಾರರಲ್ಲೂ ಗುಳ್ಳೆಗಳು ಕೇಳಿಸಿದವು. ಗುಳ್ಳೆ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ; ಆದರೆ ಗುಳ್ಳೆ ಹೆಚ್ಚಿದಂತೆ ಅಪಾಯವೂ ಹೆಚ್ಚು.

ಮರುದಿನ ಸೋಡಾ ಬಾಟಲಿ ಹಿಡಿದು ತರಗತಿಗೆ ಹೋಗಿ, ನಿನ್ನೆ ನಾನು ಹೇಳಿದ್ದು ತಪ್ಪು ಎಂದೆ. ಮಕ್ಕಳು ನಗಲಿಲ್ಲ, ಕಿವಿಗೊಟ್ಟು ಕೇಳಿದರು. ಆ ಹುಡುಗನಿಗೂ ಸರಿಯಾದ ಉತ್ತರ ಕೊಟ್ಟೆ: ನಾಲೆಯ ಆಳ ಕಡಿಮೆ, ಉಸಿರು ಬಿಗಿಹಿಡಿದು ಮುಳುಗುವ ಹೊತ್ತೂ ಕಡಿಮೆ, ಕರಗುವ ನೈಟ್ರೋಜನ್ ತೀರಾ ಅಲ್ಪ. ಅಲ್ಲಿ ಹೆದರಬೇಕಾದದ್ದು ಗುಳ್ಳೆಗಲ್ಲ, ನೀರಿನ ಸೆಳೆತಕ್ಕೆ.

ಅಲ್ಲಿಯವರೆಗೆ ಪಾಠದ ಕೊನೆಗೆ ಅರ್ಥವಾಯಿತೇ ಎಂದು ಕೇಳಿ, ಯಾರೂ ಕೈ ಎತ್ತದಿದ್ದರೆ ಅರ್ಥವಾಗಿದೆ ಎಂದುಕೊಳ್ಳುತ್ತಿದ್ದೆ. ನಾನೂ ಮೇಕೆಯ ಕಾಲನ್ನಷ್ಟೇ ನೋಡುತ್ತಿದ್ದೆ. ಈಗ ಕೊನೆಯ ಐದು ನಿಮಿಷದಲ್ಲಿ ಪ್ರತಿಯೊಬ್ಬರಿಂದಲೂ ಎರಡು ವಾಕ್ಯ ಬರೆಸುತ್ತೇನೆ. ಮೊದಲ ದಿನವೇ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಆವೃತ್ತಿ ಎಂದರೆ ಶಬ್ದದ ಜೋರು ಎಂದು ಬರೆದಿದ್ದಳು. ಮುಂದಿನ ಪಾಠಯೋಜನೆಯನ್ನು ಅಲ್ಲಿಂದಲೇ ಶುರು ಮಾಡಿದೆ.